ಹಾರ್ಡ್ ಡಿಸ್ಕ್ ಬದಲಿಸುವ ಮುನ್ನ ಗಡಿಯಾರ ನೋಡಿ

ಪ್ರಶ್ನೆ: ನಾನು ನಮ್ಮೂರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಕಚೇರಿಯ ಹಳೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 7 ಇದೆ. ಕೆಲವು ತಿಂಗಳಿಂದ ಬೆಳಿಗ್ಗೆ ಆನ್ ಮಾಡಿದಾಗ ತಾರೀಖು ತಪ್ಪಿರುತ್ತಿತ್ತು. ತಿದ್ದಿಕೊಂಡು ಕೆಲಸ ಮುಂದುವರಿಸುತ್ತಿದ್ದೆವು. ಈಚೆಗೆ ಕರೆಂಟ್ ಹೋಗಿ ಬಂದ ಮೇಲೆ, ಕಪ್ಪು ಪರದೆಯಲ್ಲಿ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದು ಬಂದು ನಿಂತುಬಿಡುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟಿದೆ, ಹೊಸದನ್ನು ಹಾಕಬೇಕು ಎನ್ನುತ್ತಾರೆ ಅಂಗಡಿಯವರು. ಸದಸ್ಯರ ಲೆಕ್ಕವೆಲ್ಲ ಅದರಲ್ಲೇ ಇದೆ. ಏನು ಮಾಡಲಿ?
– ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಸದ್ಯಕ್ಕೆ ಒಪ್ಪಿಕೊಳ್ಳಬೇಡಿ. ಫಾರ್ಮ್ಯಾಟ್ ಮಾಡಲಂತೂ ಯಾರಿಗೂ ಬಿಡಬೇಡಿ. ರಿಪೇರಿ ಮೇಜಿನ ಮುಂದೆ ಕುಳಿತ ಇಷ್ಟು ವರ್ಷಗಳಲ್ಲಿ, ಚೆನ್ನಾಗಿರುವ ಡಿಸ್ಕ್ ಮೇಲೆ ತಪ್ಪು ಹೊರಿಸಿ ಜನರ ಲೆಕ್ಕಪತ್ರ ಅಳಿಸಿಹಾಕಿದ್ದನ್ನು ಕಂಡಿದ್ದೇನೆ. ಅದು ನನಗೆ ಈಗಲೂ ಸಿಟ್ಟು ತರಿಸುವ ಸಂಗತಿ.

ನಿಮ್ಮ ಪತ್ರದಲ್ಲಿ ಮುಖ್ಯ ಸುಳಿವು ಆ ತಪ್ಪು ತಾರೀಖು. ಯಂತ್ರದ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂತೆ ಕಾಣುವ ಬ್ಯಾಟರಿ ಇರುತ್ತದೆ, ಹೆಸರು ಸಿಆರ್2032, 3 ವೋಲ್ಟ್‌ನದು. ಪ್ಲಗ್ ಕಿತ್ತಾಗಲೂ ಗಡಿಯಾರ ನಡೆಸುವುದು ಅದೇ; ಹಳೆಯ ಬೋರ್ಡುಗಳಲ್ಲಿ ಬಯೋಸ್‌ನ (ವಿಂಡೋಸ್‌ಗೂ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಆಯ್ಕೆಗಳನ್ನು ಉಳಿಸಿಕೊಳ್ಳುವುದೂ ಅದೇ. ಅದು ಸತ್ತರೆ ಆಯ್ಕೆಗಳೆಲ್ಲ ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಮರಳುತ್ತವೆ. ಆಗ ಯಾವ ಡಿಸ್ಕ್‌ನಿಂದ ಶುರುವಾಗಬೇಕು ಎಂಬ ಕ್ರಮವೂ ಕದಲಬಹುದು.

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಆಮೇಲೆ ಕಂಪ್ಯೂಟರ್ ಪೆಟ್ಟಿಗೆಯ ಬಾಗಿಲು ಬಿಚ್ಚಿ. ಬ್ಯಾಟರಿಯ ಪಕ್ಕದ ಚಿಕ್ಕ ಕೊಂಡಿಯನ್ನು ಒತ್ತಿದರೆ ಅದು ಎದ್ದು ಬರುತ್ತದೆ. ಹೊಸದನ್ನು ‘+’ ಗುರುತು ಮೇಲೆ ಬರುವಂತೆ ಕೂರಿಸಿ. ಕೈ ಒಳಗಿರುವಾಗಲೇ ಡಿಸ್ಕ್‌ನ ಎರಡೂ ಕೇಬಲ್‌ಗಳನ್ನು ತೆಗೆದು ಗಟ್ಟಿಯಾಗಿ ಚುಚ್ಚಿ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸೇಟಾ ಕೇಬಲ್ ಸಡಿಲಗೊಂಡರೂ ಇದೇ ಸಂದೇಶ ತರಿಸುತ್ತದೆ.

ಮತ್ತೆ ಆನ್ ಮಾಡಿ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತ ಬಯೋಸ್‌ಗೆ ಹೋಗಿ. ಡಿಸ್ಕ್‌ನ ಹೆಸರು ಅಲ್ಲಿ ಕಂಡರೆ ಅರ್ಧ ಚಿಂತೆ ಕಳೆಯಿತು. ತಾರೀಖು ಸರಿಪಡಿಸಿ, ಬೂಟ್ ಪಟ್ಟಿಯಲ್ಲಿ ಅದನ್ನೇ ಮೊದಲಿಗೆ ತಂದು ಸೇವ್ ಮಾಡಿ. ವಿಂಡೋಸ್ ಲಾಂಛನ ಕಂಡು ಕೂಡಲೇ ನೀಲಿ ಪರದೆ ಬಂದರೆ, ಬಯೋಸ್‌ನಲ್ಲಿ ಸೇಟಾ ಮೋಡ್ (ಡಿಸ್ಕ್ ಜತೆ ಯಂತ್ರ ಮಾತಾಡುವ ರೀತಿ) ಐಡಿಇ ಎಂಬ ಹಳೆಯ ಬಗೆಗೆ ತಿರುಗಿರುವ ಸಾಧ್ಯತೆ ಹೆಚ್ಚು. ಅಲ್ಲೇ ಅದನ್ನು ಎಎಚ್‌ಸಿಐ ಎಂಬ ಹೊಸ ಬಗೆಗೆ ಬದಲಿಸಿ ನೋಡಿ.

ಡಿಸ್ಕ್‌ನಿಂದ ‘ಟಕ್, ಟಕ್’ ಎಂದು ಒಂದೇ ಲಯದ ಸದ್ದು ಬರುತ್ತಿದ್ದರೆ ಮಾತ್ರ ಇದಾವುದನ್ನೂ ಮಾಡದೆ ತಕ್ಷಣ ಆಫ್ ಮಾಡಿ. ಮಾಹಿತಿ ಓದುವ ಒಳಗಿನ ಹೆಡ್ ಕೆಟ್ಟಿರಬಹುದು. ಪ್ರತಿ ಬಾರಿ ಆನ್ ಮಾಡಿದಾಗಲೂ ಉಳಿದ ಮಾಹಿತಿಗೆ ಅಪಾಯ, ಅದು ಡೇಟಾ ರಿಕವರಿ ಬಲ್ಲವರ ಕೆಲಸ.

ಸದ್ದಿಲ್ಲದಿದ್ದೂ ವಿಂಡೋಸ್ ಏಳದಿದ್ದರೆ, ಉಬುಂಟು (ವಿಂಡೋಸ್‌ನಂಥ ಇನ್ನೊಂದು ಉಚಿತ ವ್ಯವಸ್ಥೆ) ಹಾಕಿದ ಪೆನ್ ಡ್ರೈವ್‌ನಿಂದ ಶುರುಮಾಡಿ, ‘ಟ್ರೈ’ ಎಂಬುದನ್ನಷ್ಟೇ ಆರಿಸಿ, ‘ಇನ್‌ಸ್ಟಾಲ್’ ಬೇಡ. ಲೆಕ್ಕದ ಫೋಲ್ಡರ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಅಂಗಡಿಗೆ ಒಯ್ಯುವುದು ಆಮೇಲೆ.