ಓದುಗರ ಪ್ರಶ್ನೆ: ಪಂಪಿಂಗ್ 30 ಇದ್ದೂ ಆರಾಮಾಗಿದ್ದಾರೆ, ಐಸಿಡಿ ಬೇಕೇ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಈಗ ಎಕೋದಲ್ಲಿ ಪಂಪಿಂಗ್ (ಹೃದಯ ಪ್ರತಿ ಬಡಿತಕ್ಕೆ ಹೊರತಳ್ಳುವ ರಕ್ತದ ಪ್ರಮಾಣ) ಶೇ 30 ಎಂದು ಬಂದಿದೆ. ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು, ಅಷ್ಟೇ. ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ) ನಾರ್ಮಲ್. ಡಾಕ್ಟರು ಹೊಸ ಮಾತ್ರೆ ಬರೆದು, ಮೂರು ತಿಂಗಳ ಮೇಲೆ ಇನ್ನೊಂದು ಎಕೋ ಮಾಡಿಸಿ ಐಸಿಡಿ (ಹೃದಯದ ಲಯ ಕೆಟ್ಟಾಗ ಶಾಕ್ ಕೊಟ್ಟು ಸರಿಪಡಿಸುವ, ಎದೆಯಲ್ಲಿ ಕೂರಿಸುವ ಸಾಧನ) ಬಗ್ಗೆ ತೀರ್ಮಾನಿಸೋಣ ಎಂದಿದ್ದಾರೆ. ಆರಾಮಾಗಿರುವವರಿಗೆ ಯಾಕೆ? ಬೇಕೆಂದಾದರೆ ಕಾಯುವುದು ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ಇಲ್ಲಿ ಮೋಸ ಮಾಡುವುದೇ ಆ ಆರಾಮು. 1999ರ ಮೆರಿಟ್-ಎಚ್‌ಎಫ್ ಅಧ್ಯಯನದಲ್ಲಿ, ನಿಮ್ಮ ತಂದೆಯ ಹಾಗೆ ಅಲ್ಪ ತೊಂದರೆ ಇದ್ದವರಲ್ಲಿ ಸಂಭವಿಸಿದ ಸಾವುಗಳ ಪೈಕಿ ಶೇ 64 ಹಠಾತ್ತಾದವು. ಕೂತಲ್ಲೇ ಉಸಿರು ಕಟ್ಟುವವರಲ್ಲಿ ಒಟ್ಟು ಸಾವು ಹೆಚ್ಚು, ಆದರೆ ಅದರಲ್ಲಿ ಹಠಾತ್ ಸಾವು ಶೇ 33 ಮಾತ್ರ. ಹಳೇ ಅಟ್ಯಾಕಿನ ಗಾಯದ ಕಲೆಯ ನಡುವೆ ಅಲ್ಲಲ್ಲಿ ಜೀವಂತ ಸ್ನಾಯುವಿನ ಎಳೆಗಳು ಉಳಿದಿರುತ್ತವೆ. ವಿದ್ಯುತ್ ಅಲ್ಲಿ ನಿಧಾನವಾಗಿ ಹರಿದು, ಕಲೆಯ ಸುತ್ತಲೇ ಸುತ್ತತೊಡಗಿದರೆ ಹೃದಯದ ಲಯ ಕೆಡುತ್ತದೆ. ಹೋಲ್ಟರ್ ಕಾಣುವುದು ಒಂದೆರಡು ದಿನವನ್ನು ಮಾತ್ರ. ಅದರಲ್ಲಿ ವೇಗದ ಬಡಿತದ ಸರಣಿ ಸಿಕ್ಕರೆ ಎಚ್ಚರಿಕೆ, ಸಿಗದಿದ್ದರೆ ಅಭಯವಲ್ಲ.

ಕಾಯುವುದಕ್ಕೆ ಕಾರಣ, ಮಾತ್ರೆಗಳೇ ಪಂಪಿಂಗ್ ಏರಿಸಬಲ್ಲವು, ಹಠಾತ್ ಸಾವನ್ನೂ ತಗ್ಗಿಸುತ್ತವೆ: ಬೀಟಾ ಬ್ಲಾಕರ್, ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್. ಎಡವುವುದು ಡೋಸಿನಲ್ಲಿ. ಬೀಟಾ ಬ್ಲಾಕರ್ ಆದ ಮೆಟೊಪ್ರೊಲಾಲ್ ಸಕ್ಸಿನೇಟ್ 12.5 ಅಥವಾ 25 ಮಿ.ಗ್ರಾಂನಿಂದ ಶುರುವಾಗಿ, ಬಿಪಿ, ನಾಡಿ ತಡೆದುಕೊಂಡರೆ ಎರಡು ವಾರಕ್ಕೊಮ್ಮೆ ದುಪ್ಪಟ್ಟಾಗಿ 200ರ ಕಡೆಗೆ ಹೋಗಬೇಕು. 25ರಲ್ಲೇ ಕೂತು ಮೂರು ತಿಂಗಳು ಕಳೆದರೆ ಆ ಎಕೋಗೆ ಅರ್ಥವಿಲ್ಲ. ಎರಡೂ ಎಕೋ ಒಂದೇ ಕಡೆ ಮಾಡಿಸಿ. 33 ಮತ್ತು 37ರ ವ್ಯತ್ಯಾಸ ಎಷ್ಟೋ ಸಲ ಅಳೆಯುವವರ ಕೈಯದು.

ಆಮೇಲೂ 35 ಅಥವಾ ಕಡಿಮೆ ಇದ್ದರೆ ಐಸಿಡಿ ಸರಿ. 2005ರ ಎಸ್‌ಸಿಡಿ-ಹೆಫ್ಟ್‌ನಲ್ಲಿ 2521 ಜನರನ್ನು ನಾಲ್ಕು ವರ್ಷದ ಹತ್ತಿರ ಗಮನಿಸಿದಾಗ ಐಸಿಡಿಯಿಂದ ಸಾವು ಶೇ 29ರಿಂದ 22ಕ್ಕೆ ಇಳಿಯಿತು. ಲಯ ಸರಿಪಡಿಸುವ ಅಮಿಯೊಡರಾನ್ ಮಾತ್ರೆಯಿಂದ ಲಾಭವಾಗಲಿಲ್ಲ. ಅಂದರೆ ಐಸಿಡಿ ಉಳಿಸುವುದು ನೂರರಲ್ಲಿ ಏಳು ಜೀವ. ಆ ಏಳು ಮಂದಿ ಯಾರೆಂದು ಹೇಳುವ ಪರೀಕ್ಷೆ ಇನ್ನೂ ಇಲ್ಲ. ಇಸಿಜಿಯಲ್ಲಿ ಎಡ ಬಂಡಲ್ ಬ್ಲಾಕ್ (ಹೃದಯದ ಎಡಬದಿಗೆ ವಿದ್ಯುತ್ ಒಯ್ಯುವ ದಾರಿಯಲ್ಲಿ ತಡೆ) ಇದ್ದು, ವಿದ್ಯುತ್ ಕೆಳಕೋಣೆಗಳಿಗೆ ಹರಡುವ ಅವಧಿಯಾದ ಕ್ಯೂಆರ್‌ಎಸ್ 150 ಮಿಲಿಸೆಕೆಂಡ್ ದಾಟಿದ್ದರೆ ಹೃದಯದ ಎರಡೂ ಬದಿ ಒಟ್ಟಿಗೆ ಬಡಿಯುವಂತೆ ಮಾಡುವ ಸಿಆರ್‌ಟಿ ಸೇರಿದ ಸಾಧನದ ಬಗ್ಗೆ ಕೇಳಿ.

ಈ ನಡುವೆ ಕಾರಣವಿಲ್ಲದೆ ಒಮ್ಮೆ ಎಚ್ಚರ ತಪ್ಪಿ ಬಿದ್ದರೆ ಮೂರು ತಿಂಗಳ ಲೆಕ್ಕ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೃದಯ ವೀಕ್ ಇರುವ ಅಮ್ಮನಿಗೆ ಪದೇ ಪದೇ ಪೊಟ್ಯಾಶಿಯಂ ಟೆಸ್ಟ್ ಬರೆಯುತ್ತಾರೆ. ಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಬೇಕು. ಮೂತ್ರ ಹೋಗಿಸುವ ಫ್ಯುರೊಸೆಮೈಡ್ ಅದನ್ನು ಇಳಿಸುತ್ತದೆ, ಸ್ಪೈರೊನೊಲ್ಯಾಕ್ಟೋನ್ ಏರಿಸುತ್ತದೆ. ಎರಡು ತುದಿಯಲ್ಲೂ ಲಯ ತಪ್ಪುವ ಭಯ. 4ರಿಂದ 5ರೊಳಗಿದ್ದರೆ ಒಳ್ಳೆಯದು. ಸ್ಪೈರೊನೊಲ್ಯಾಕ್ಟೋನ್ ಶುರುವಾದ ಒಂದು ವಾರಕ್ಕೆ, ನಾಲ್ಕು ವಾರಕ್ಕೆ, ಆಮೇಲೆ ಕೆಲವು ತಿಂಗಳಿಗೊಮ್ಮೆ ನೋಡಬೇಕು. ಹೃದಯಕ್ಕೆ ಒಳ್ಳೆಯದೆಂದು ಮಾರುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಸೇರಿರುವುದು ಪೊಟ್ಯಾಶಿಯಂ ಕ್ಲೋರೈಡ್. ಇವರಿಗೆ ಅದು ಬೇಡ. ದಿನವೂ ಎಳನೀರೂ ಬೇಡ. ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುವುದಂತೂ ಬೇಡವೇ ಬೇಡ. ವಾಂತಿ-ಭೇದಿಯಾದಾಗ, ಅಥವಾ ವರದಿಯಲ್ಲಿ 5.5 ದಾಟಿದಾಗ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಡಾಕ್ಟರಿಗೆ ಫೋನ್ ಮಾಡಿ.