ವಿಂಡೋಸ್ ಆಕ್ಟಿವೇಟ್ ಮಾಡಿದ್ರೆ ಗ್ರಾಫಿಕ್ಸ್ ಕಾರ್ಡ್ ಜೋರಾಗುತ್ತಾ?

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿ ಮನೆಗೆ ಹೊಸ ಸಿಸ್ಟಮ್ ಜೋಡಿಸಿಕೊಂಡು ಬಂದಿದ್ದೀರಿ. ಜಿಟಿಎಕ್ಸ್ 1650 ಕಾರ್ಡ್ ಇದ್ರೂ ಗೇಮ್ 20 ಎಫ್‌ಪಿಎಸ್ (ಸೆಕೆಂಡಿಗೆ ತೋರಿಸೋ ಚಿತ್ರಗಳ ಲೆಕ್ಕ) ದಾಟ್ತಿಲ್ಲ. ಪರದೆಯ ಬಲಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅಂತ ಬರ್ತಿದೆ. ಆಕ್ಟಿವೇಟ್ ಆಗದೆ ಕಾರ್ಡ್ ಪೂರ್ತಿ ಕೆಲಸ ಮಾಡಲ್ಲ ಅಂತ ಗೆಳೆಯರೊಬ್ಬರು ಟೆಲಿಗ್ರಾಂನಲ್ಲಿ ಆಕ್ಟಿವೇಟರ್ (ಲೈಸೆನ್ಸ್ ಇಲ್ಲದೆ ವಿಂಡೋಸ್ ಆಕ್ಟಿವೇಟ್ ಮಾಡೋ ಕಳ್ಳ ಟೂಲು) ಕಳಿಸಿದ್ದಾರೆ. ಹಾಕಲೋ ಬೇಡವೋ?

ಬೇಡ ಮಾರಾಯ್ರೇ. ಆ ಬೂದು ಅಕ್ಷರಕ್ಕೂ ನಿಮ್ಮ ಕಾರ್ಡಿಗೂ ಸಂಬಂಧವೇ ಇಲ್ಲ. ವಿಂಡೋಸ್ 10 ಇರಲಿ 11 ಇರಲಿ, ಆಕ್ಟಿವೇಟ್ ಆಗದಿದ್ರೆ ಸೆಟ್ಟಿಂಗ್ಸ್‌ನಲ್ಲಿ ವಾಲ್‌ಪೇಪರ್, ಬಣ್ಣ, ಲಾಕ್ ಸ್ಕ್ರೀನ್ ಬದಲಿಸೋಕೆ ಬಿಡಲ್ಲ, ಮೂಲೆಯಲ್ಲಿ ಆ ಬರಹ ತೋರಿಸ್ತಾ ಇರುತ್ತೆ. ಕಾರ್ಡನ್ನ ನಡೆಸೋ ಡ್ರೈವರ್, ಗೇಮ್ ಚಿತ್ರ ಬಿಡಿಸೋಕೆ ಬಳಸೋ ಡೈರೆಕ್ಟ್‌ಎಕ್ಸ್, ಕಾರ್ಡಿನ ವೇಗ ಯಾವುದನ್ನೂ ಮುಟ್ಟಲ್ಲ. ದುಡ್ಡು ಕೊಟ್ಟು ಲೈಸೆನ್ಸ್ ತಗೊಳ್ಳೋದು ನ್ಯಾಯ, ತಗೊಳ್ಳಿ. ಆದ್ರೆ ಗೇಮ್ ಜೋರಾಗಲಿ ಅಂತ ತಗೊಂಡ್ರೆ ತುಂಗೆಗೆ ದುಡ್ಡು ಎಸೆದ ಹಾಗೆ.

ಮೊದಲು ಸಿಪಿಯು ಡಬ್ಬದ ಹಿಂದೆ ಟಾರ್ಚ್ ಬಿಟ್ಟು ನೋಡಿ. ಮಾನಿಟರ್ ಕೇಬಲ್ ಎಲ್ಲಿಗೆ ಚುಚ್ಚಿದೆ? ಮೇಲ್ಗಡೆ ಯುಎಸ್‌ಬಿ, ಲ್ಯಾನ್ ಪೋರ್ಟುಗಳ ಜೊತೆಗಿರೋ ಎಚ್‌ಡಿಎಂಐ ಮದರ್‌ಬೋರ್ಡಿನದ್ದು. ಅದರ ಕೆಳಗೆ ಅಡ್ಡಕ್ಕೆ ಬೇರೆಯಾಗಿ ಕೂತಿರೋದು ಗ್ರಾಫಿಕ್ಸ್ ಕಾರ್ಡಿನದ್ದು. ಕೇಬಲ್ ಮೇಲಿನದಕ್ಕೆ ಹೋಗಿದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸೇ ಗೇಮ್ ಎಳೀತಿರುತ್ತೆ, ನಿಮ್ಮ 1650 ಸುಮ್ನೆ ಕೂತಿರುತ್ತೆ. ನಮ್ಮ ಪಕ್ಕದ ಮನೆ ಹುಡುಗ ಮೂರು ತಿಂಗಳು ಹೀಗೇ ಆಡಿದ್ದ. ಕೇಬಲ್ ನಾಲ್ಕು ಇಂಚು ಕೆಳಗಿಳಿಸಿ ಕೊಟ್ಟಿದ್ದಕ್ಕೆ ಅವರಮ್ಮ ನನಗೆ ಒಂದು ಡಬ್ಬ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ರು.

ಕೇಬಲ್ ಸರಿ ಇದ್ರೆ ಡಿವೈಸ್ ಮ್ಯಾನೇಜರ್ ತೆಗೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ ನಿಮ್ಮ ಕಾರ್ಡಿನ ಚಿಪ್ ಮಾಡೋ ಕಂಪನಿ ಎನ್‌ವಿಡಿಯಾ ಹೆಸರಿಲ್ಲದೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿದ್ರೆ ಡ್ರೈವರೇ ಕೂತಿಲ್ಲ. ಎನ್‌ವಿಡಿಯಾ ಸೈಟಿಂದಲೇ ಇಳಿಸಿ ಹಾಕಿ.

ಇನ್ನು ಆ ಆಕ್ಟಿವೇಟರ್. ಇದರ ಏಟು ನಾನೇ ತಿಂದಿದ್ದೀನಿ. 2021ರಲ್ಲಿ ಕಾರ್ಡುಗಳ ಬೆಲೆ ಅಟ್ಟ ಹತ್ತಿ ಕೂತಿದ್ದಾಗ ಹೇಗೋ ದುಡ್ಡು ಹೊಂದಿಸಿ 6 ಜಿಬಿಯ 1660 ಸೂಪರ್ ಹಾಕಿಸಿದ್ದೆ. ಜೋಡಿಸಿಕೊಟ್ಟವರು ಪೆನ್‌ಡ್ರೈವ್ ಚುಚ್ಚಿ, ಆಂಟಿವೈರಸ್ ಆಫ್ ಮಾಡಿ, ‘ಲೈಫ್‌ಟೈಮ್ ಆಕ್ಟಿವೇಶನ್ ಸಾರ್, ಫ್ರೀ’ ಅಂದ್ರು. ಖುಷಿಯಾಗಿ ಮನೆಗೆ ತಂದೆ. ಗೇಮ್ ತಡವರಿಸ್ತಿತ್ತು, ಕಾರ್ಡೇ ಹೀಗಿರಬೇಕು ಅಂದ್ಕೊಂಡೆ. ಮಳೆಗಾಲ ಬೇರೆ. ನಮ್ಮದು ಹಂಚಿನ ಮನೆ, ಜಡಿಮಳೆ ಹಿಡಿದ್ರೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ. ಒಂದು ರಾತ್ರಿ ಮಳೆ ಹೊಳವಾದಾಗ ಗೊತ್ತಾಯ್ತು, ಏನೂ ಓಪನ್ ಇಲ್ಲದಿದ್ರೂ ಕಾರ್ಡಿನ ಫ್ಯಾನ್ ಭರ್ರೋ ಅಂತಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದೆ. ಫ್ಯಾನ್ ಮೆಲ್ಲಗೆ ತಣ್ಣಗಾಯ್ತು, ಜಿಪಿಯು (ಕಾರ್ಡಿನ ಚಿಪ್) ಬಳಕೆ ಸೊನ್ನೆ. ಮುಚ್ಚಿದೆ. ಎರಡು ನಿಮಿಷಕ್ಕೆ ಮತ್ತೆ ಭರ್ರೋ. ಮತ್ತೆ ತೆಗೆದೆ, ಮತ್ತೆ ಗಪ್‌ಚುಪ್. ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿದಾಗ ದೀಪ ಹಾಕಿದ ಹಾಗೆ.

ಅದು ಕ್ರಿಪ್ಟೋ ಮೈನರ್, ಅಂದ್ರೆ ನಮ್ಮ ಸಿಸ್ಟಮ್ ದುಡಿಸಿಕೊಂಡು ಬೇರೆಯವರಿಗೆ ಡಿಜಿಟಲ್ ಹಣ ಗಳಿಸಿಕೊಡೋ ಪ್ರೋಗ್ರಾಂ. ಟಾಸ್ಕ್ ಮ್ಯಾನೇಜರ್ ಕಂಡ್ರೆ ಅಡಗಿಕೊಳ್ಳೋ ಜಾತಿ. ನನ್ನ ಕಾರ್ಡು, ನಮ್ಮಪ್ಪ ಕಟ್ಟೋ ಕರೆಂಟ್ ಬಿಲ್ಲು, ದುಡಿಮೆ ಇನ್ಯಾರಿಗೋ. ಆ ಕಾರ್ಡಿನ ರೇಟಿಂಗ್ 125 ವ್ಯಾಟ್. ಪೂರ್ತಿ ಜೋರಲ್ಲಿ 8 ಗಂಟೆ ಓಡಿದ್ರೆ ಒಂದು ಯೂನಿಟ್, ಲೆಕ್ಕ ನೀವೇ ಹಾಕಿ.

ಇಂಥ ಆಕ್ಟಿವೇಟರ್‌ಗಳಲ್ಲಿ ಬಹಳಷ್ಟು ಕೆಎಂಎಸ್ ಅನ್ನೋದನ್ನ ನಕಲು ಮಾಡ್ತವೆ. ದೊಡ್ಡ ಕಂಪನಿಗಳು ತಮ್ಮದೇ ಸರ್ವರ್ ಇಟ್ಟು ಸಾವಿರಾರು ಸಿಸ್ಟಮ್ ಆಕ್ಟಿವೇಟ್ ಮಾಡೋ ವ್ಯವಸ್ಥೆ ಅದು, ಒಂದು ಸಲಕ್ಕೆ 180 ದಿನ. ಆ ಸರ್ವರ್ ವೇಷ ಹಾಕೋಕೆ ಈ ಟೂಲು ಅಡ್ಮಿನ್ ಪರ್ಮಿಶನ್ ಕೇಳುತ್ತೆ, ಆಂಟಿವೈರಸ್ ಆಫ್ ಮಾಡಿ ಅನ್ನುತ್ತೆ. ಬಾಗಿಲು ತೆಗೆದು ನಾಯಿನೂ ಕಟ್ಟಿಹಾಕಿದ ಮೇಲೆ ಜೊತೆಗೆ ಇನ್ಯಾರು ಒಳಗೆ ಬಂದ್ರು ಅಂತ ಹೇಗೆ ಹೇಳ್ತೀರಿ?

ಮುಂದೆ ಅಸಲಿ ಕೀ ತಗೊಂಡ್ರೆ ಡಿಜಿಟಲ್ ಲೈಸೆನ್ಸನ್ನ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿಡಿ. ಗ್ರಾಫಿಕ್ಸ್ ಕಾರ್ಡ್ ಬದಲಿಸಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ, ಮದರ್‌ಬೋರ್ಡ್ ಬದಲಾದ್ರೆ ಮತ್ತೆ ಕೇಳುತ್ತೆ. ನಮ್ಮ ಕಡೆ ಸಿಡಿಲಿಗೆ ಬೋರ್ಡ್ ಹೋಗೋದು ಹೊಸದೇನಲ್ಲವಲ್ಲ.

ಗೆಳೆಯರು ಕಳಿಸಿದ್ದನ್ನ ಈಗಾಗಲೇ ಓಡಿಸಿಬಿಟ್ಟಿದ್ರೆ ಫೋಟೊ, ಡಾಕ್ಯುಮೆಂಟ್ ಮಾತ್ರ ಬೇರೆ ಡ್ರೈವ್‌ಗೆ ಹಾಕ್ಕೊಂಡು ಫಾರ್ಮ್ಯಾಟ್ ಮಾಡಿ, ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡೆಲ್ಲ ಮೊಬೈಲಿಂದ ಬದಲಿಸಿ. ಓಡಿಸಿಲ್ಲ ಅಂದ್ರೆ ಡಿಲೀಟ್ ಮಾಡಿ, ಕೇಬಲ್ ನೋಡಿ. ಆಗಲೂ 20ರಲ್ಲೇ ನಿಂತಿದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ಏನು ಹೆಸರು ಬರ್ತಿದೆ ಅಂತ ಕೆಳಗೆ ಬರೀರಿ, ಮುಂದಿನದು ನೋಡೋಣ.