ಮೊಬೈಲ್ ಕರೆಯಂತೆ ಆರೋಗ್ಯ ವಿಮೆ ಅಗ್ಗವಾಗುವುದಿಲ್ಲ

ಈ ಅಂಕಣದಲ್ಲಿ ಹಿಂದೆಯೇ ಉತ್ತರಿಸಿದ ಪ್ರಶ್ನೆಗಳು ಊರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿವೆ. ಪಾಲಿಸಿ ಎಂದರೇನು, ಕ್ಲೇಮ್ ಎಂದರೇನು ಎಂಬುದನ್ನು ನಾನು ಇಲ್ಲಿ ವಿವರಿಸುವುದಿಲ್ಲ. ಈ ಸಲ ಹೆಚ್ಚಿನ ಜಾಗವನ್ನು ಒಂದೇ ಪ್ರಶ್ನೆಗೆ ಮೀಸಲಿಡುತ್ತೇನೆ. ಅದರ ಹಿಂದಿರುವ ತಪ್ಪು ತಿಳಿವಳಿಕೆಯಿಂದ ಕುಟುಂಬಗಳು ಸಾಲಕ್ಕೆ ಬಿದ್ದುದನ್ನು ಕಂಡಿದ್ದೇನೆ.

ಪ್ರಶ್ನೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಯಶಸ್ವಿನಿ ಮುಂತಾದ ಯೋಜನೆಗಳಲ್ಲಿ ನಮ್ಮ ತೆರಿಗೆ ಹಣ ಪೋಲಾಗುತ್ತಿದೆ. ಅವನ್ನು ಮುಚ್ಚಿ ವಿಮಾ ಕಂಪನಿಗಳಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರೆ, ಮೊಬೈಲ್ ಕರೆಯ ದರ ಇಳಿದಂತೆ ಪ್ರೀಮಿಯಂ ಕೂಡ ಪೈಪೋಟಿಯಿಂದ ಇಳಿಯುವುದಿಲ್ಲವೇ?

ಉತ್ತರ: ಇಳಿಯುವುದಿಲ್ಲ. ನಿಮಿಷಕ್ಕೆ ಇಷ್ಟೆಂದು ದುಡ್ಡು ಪಡೆಯುತ್ತಿದ್ದ ಮೊಬೈಲ್ ಕಂಪನಿಗೆ ಹೆಚ್ಚು ಮಾತನಾಡುವ ಗ್ರಾಹಕ ಬೇಕಾಗಿದ್ದ. ವಿಮಾ ಕಂಪನಿಗೆ ಪಾಲಿಸಿಯನ್ನು ಹೆಚ್ಚು ಬಳಸುವ ಗ್ರಾಹಕನೇ ನಷ್ಟ. ಆದ್ದರಿಂದ ಅಂಕೆಯಿಲ್ಲದ ಮಾರುಕಟ್ಟೆಯಲ್ಲಿ ಕಂಪನಿಗಳ ಪೈಪೋಟಿ ದರ ಇಳಿಸುವುದಕ್ಕಿಂತ ಹೆಚ್ಚಾಗಿ, ಆರೋಗ್ಯವಂತರನ್ನು ಹುಡುಕಿ ಸೇರಿಸಿಕೊಳ್ಳುವುದಕ್ಕೆ ಮತ್ತು ರೋಗಿಗಳನ್ನು ಬಾಗಿಲಲ್ಲೇ ತಡೆಯುವುದಕ್ಕೆ ನಡೆಯುತ್ತದೆ.

ಲೆಕ್ಕ ಹಾಕಿ ನೋಡಿ. ನೂರು ಜನರ ಗುಂಪಿನಲ್ಲಿ ವರ್ಷಕ್ಕೆ ಹತ್ತು ಜನರಿಗೆ ತಲಾ 1 ಲಕ್ಷ ರೂಪಾಯಿ ಖರ್ಚು ಬಂದರೆ, ಕಂಪನಿಯ ವೆಚ್ಚ, ಲಾಭಗಳನ್ನು ಬಿಟ್ಟು ತಲೆಗೆ 10,000 ರೂಪಾಯಿ ಬೀಳುತ್ತದೆ. ತಮಗೇನೂ ಆಗುವುದಿಲ್ಲವೆಂದು ಐವತ್ತು ಜನ ಗಟ್ಟಿಮುಟ್ಟಾದವರು ಹೊರಬಿದ್ದರೆ, ಆ ಹತ್ತು ರೋಗಿಗಳು ಒಳಗೇ ಉಳಿಯುವುದರಿಂದ ಉಳಿದವರ ಪಾಲು 20,000 ಆಗುತ್ತದೆ. ಈ ಏರಿಕೆ ಕಂಡು ಇನ್ನೂ ಇಪ್ಪತ್ತೈದು ಜನ ಬಿಟ್ಟರೆ 40,000 ಆಗುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಪ್ರತಿಯೊಬ್ಬರೂ ತಮಗೆ ಸರಿಕಂಡದ್ದನ್ನೇ ಮಾಡಿದ್ದಾರೆ, ಆದರೂ ವಿಮೆ ನಿಜವಾಗಿ ಬೇಕಾದವನ ಕೈಗೆ ಅದು ಎಟುಕದಾಗಿದೆ.

ಅಮೆರಿಕವನ್ನು ನೋಡಿ ಕಲಿಯಿರಿ ಎಂದು ಬರೆಯುವವರು ಅಲ್ಲಿ ನಡೆದುದನ್ನು ಪೂರ್ತಿ ತಿಳಿಯಬೇಕು. ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳು 1965ರಲ್ಲೇ ಅಲ್ಲಿ ಬಂದವು. ಸ್ವಂತವಾಗಿ ಪಾಲಿಸಿ ಕೊಳ್ಳಬೇಕಾದವರಿಗೆ ಮಾತ್ರ, ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಇದ್ದರೆ, 2014ಕ್ಕೆ ಮೊದಲು ಹೆಚ್ಚಿನ ರಾಜ್ಯಗಳಲ್ಲಿ ಕಂಪನಿಗಳು ನೇರವಾಗಿ ಇಲ್ಲವೆನ್ನಬಹುದಾಗಿತ್ತು. 2010ರ ಮಾರ್ಚ್‌ನಲ್ಲಿ ಒಬಾಮಾ ಸಹಿ ಹಾಕಿದ ಕಾಯ್ದೆ ಆ ನಿರಾಕರಣೆಯನ್ನು 2014ರಿಂದ ನಿಷೇಧಿಸಿತು. ಆರೋಗ್ಯವಂತರೂ ಗುಂಪಿನಲ್ಲಿ ಉಳಿಯಲೆಂದು ವಿಮೆ ಇಲ್ಲದವರಿಗೆ ದಂಡ, ಆದಾಯ ಕಡಿಮೆ ಇರುವವರಿಗೆ ಸಹಾಯಧನ ಎರಡನ್ನೂ ಗೊತ್ತುಮಾಡಿತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದೇ ಬಗೆಯ ವ್ಯವಸ್ಥೆಯನ್ನು 2006ರಲ್ಲಿ ತಂದವರು ರಿಪಬ್ಲಿಕನ್ ಪಕ್ಷದ ಗವರ್ನರ್ ಮಿಟ್ ರೋಮ್ನಿ ಎಂಬುದನ್ನೂ ಗಮನಿಸಿ.

ನಮ್ಮಲ್ಲಿಯೂ ಅಷ್ಟೇ. ನೀವು ಖಾಸಗಿ ಪಾಲಿಸಿಯಲ್ಲಿ ಮೆಚ್ಚುವ ಅನುಕೂಲಗಳ ಹಿಂದೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳಿವೆ. ಕಂಪನಿ ಬದಲಿಸಿದರೂ ಕಳೆದ ವರ್ಷಗಳ ಲಾಭ ಕಳೆದುಕೊಳ್ಳದ ಪೋರ್ಟಬಿಲಿಟಿ 2011ರಲ್ಲಿ ಬಂತು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದದ್ದೂ, 65 ದಾಟಿದವರಿಗೂ ಹೊಸ ಪಾಲಿಸಿಯ ಬಾಗಿಲು ತೆರೆದದ್ದೂ 2024ರಲ್ಲಿ. ಪೂರ್ಣ ಸ್ವಾತಂತ್ರ್ಯ ಕೊಡಿ ಎನ್ನುವವರು ಇವುಗಳಲ್ಲಿ ಯಾವುದನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆಂದು ಮೊದಲು ಹೇಳಲಿ.

ಇಷ್ಟು ಹೇಳಿದ ಮಾತ್ರಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಸರ್ಕಾರಿ ಕಾರ್ಡಿನಲ್ಲಿ ದೋಷವಿಲ್ಲ ಎಂದು ತಿಳಿಯಬೇಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ಬರೆದಿದ್ದರೂ, ಪ್ರತಿ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರ ಸಾಲದೆಂದು ಕೆಲವು ಖಾಸಗಿ ಆಸ್ಪತ್ರೆಗಳು ಹಾಸಿಗೆ ಇಲ್ಲವೆನ್ನುತ್ತವೆ, ಕೆಲವು ಗುಟ್ಟಾಗಿ ಹೆಚ್ಚುವರಿ ಹಣ ಕೇಳುತ್ತವೆ. ಹೀಗೊಬ್ಬ ರೈತ ಮಹಿಳೆ ನನ್ನ ಮೇಜಿನ ಮೇಲಿಟ್ಟ ರಸೀದಿಯನ್ನು ಮರೆಯಲಾರೆ. ಔಷಧ ಚೀಟಿಯನ್ನು ಅರ್ಧಕ್ಕೆ ಹರಿದು, ಅದರ ಬೆನ್ನಿಗೆ ‘ಅಡ್ವಾನ್ಸ್ 18,000’ ಎಂದು ಪೆನ್ನಿನಲ್ಲಿ ಬರೆದಿತ್ತು. ಮೊಹರಿಲ್ಲ, ಸಹಿಯಿಲ್ಲ, ಆಸ್ಪತ್ರೆಯ ಹೆಸರಿನ ಭಾಗವನ್ನೇ ಹರಿದು ತೆಗೆಯಲಾಗಿತ್ತು. ಅಂಥ ಚೀಟಿ ಕೊಟ್ಟರೆ ಹಣ ಕಟ್ಟುವ ಮೊದಲೇ ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕರೆಸಿ, ಅಲ್ಲೇ ನಿಂತು ಯೋಜನೆಯ ಸಹಾಯವಾಣಿ 14555ಕ್ಕೆ ದೂರು ಕೊಡಿ.

ಆಸ್ಪತ್ರೆ ದರ ನಿಯಂತ್ರಣದ ಮಾತು ಬಂದಾಗ ಏನಾಗುತ್ತದೆ ಎಂಬುದನ್ನು ನಾವು 2017ರ ನವೆಂಬರ್‌ನಲ್ಲಿ ಕಂಡಿದ್ದೇವೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆ ಮೆತ್ತಗಾದ ಮೇಲೆಯೇ ಅಂಗೀಕಾರವಾಯಿತು. ವಿಮೆ ಸರ್ಕಾರದ್ದಿರಲಿ, ಖಾಸಗಿಯದಿರಲಿ, ಅದು ಬಿಲ್ಲು ಕಟ್ಟುತ್ತದೆಯೇ ಹೊರತು ತಾಲ್ಲೂಕಿಗೆ ಅರಿವಳಿಕೆ ತಜ್ಞರನ್ನು ತಂದುಕೊಡುವುದಿಲ್ಲ. ತೆರಿಗೆ ಹಣದ ಬಗ್ಗೆ ಕಾಳಜಿ ಇರುವವರು ಜಿಲ್ಲಾ ಆಸ್ಪತ್ರೆಯ ಖಾಲಿ ಹುದ್ದೆಗಳ ಬಗ್ಗೆ ಪತ್ರ ಬರೆಯಬೇಕು.

ಯಶಸ್ವಿನಿಯನ್ನು ಪೋಲು ಎಂದದ್ದು ನನಗೆ ನೋವು ತಂದಿದೆ. 2003ರಲ್ಲಿ ಅದು ಸಹಕಾರ ಸಂಘಗಳ ಸದಸ್ಯರಿಗೆ ವರ್ಷಕ್ಕೆ 60 ರೂಪಾಯಿಗೆ ಶಸ್ತ್ರಚಿಕಿತ್ಸೆಯ ರಕ್ಷಣೆ ಕೊಡಲು ಸಾಧ್ಯವಾದದ್ದರಲ್ಲಿ ಸರ್ಕಾರದ ನೆರವಿನ ಪಾಲೂ ಇತ್ತು, ಸಂಘದ ಮೂಲಕ ಗಟ್ಟಿಮುಟ್ಟಾದವರೂ ರೋಗಿಗಳೂ ಒಟ್ಟಿಗೆ ಸೇರಿದ್ದರ ಪಾಲೂ ಇತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಲಾಯಿತು, ಆದರೆ ರೈತರು ಕೇಳಿದ ಮೇಲೆ 2023ರ ಜನವರಿಯಲ್ಲಿ ಮತ್ತೆ ಆರಂಭಿಸಬೇಕಾಯಿತು.

ಪ್ರಶ್ನೆ: ನಮ್ಮದು ಎಪಿಎಲ್ ಕಾರ್ಡ್. ಖಾಸಗಿ ಪಾಲಿಸಿ ಬೇಕೇ?

ಉತ್ತರ: ಬೇಕು. ನಿಮಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ. ಕಾಯಿಲೆ ಅಂಟುವ ಮೊದಲೇ ಕೊಳ್ಳಿರಿ. ಬಿಪಿ, ಸಕ್ಕರೆಯ ತಿಂಗಳ ಮಾತ್ರೆಗಳ ಖರ್ಚನ್ನು ಸಾಮಾನ್ಯ ಪಾಲಿಸಿ ಕೊಡುವುದಿಲ್ಲವಾದ್ದರಿಂದ ಅದಕ್ಕೆ ಬೇರೆಯೇ ಹಣ ಎತ್ತಿಡಿ.

ಪ್ರಶ್ನೆ: ಆಭಾ ಸಂಖ್ಯೆ ಮಾಡಿಸಿದ್ದೇನೆ. 5 ಲಕ್ಷ ಸಿಗುತ್ತದಲ್ಲವೇ?

ಉತ್ತರ: ಇಲ್ಲ. ಅದು ನಿಮ್ಮ ವೈದ್ಯಕೀಯ ದಾಖಲೆಗಳ ಗುರುತಿನ ಸಂಖ್ಯೆ ಅಷ್ಟೇ, ಒಂದು ರೂಪಾಯಿಯ ವಿಮೆಯೂ ಅದರಲ್ಲಿಲ್ಲ.

ಪ್ರಶ್ನೆ: ಒಬ್ಬರು ಕೊಟ್ಟ ಪುಡಿಯಿಂದ ಸಕ್ಕರೆ ಕಾಯಿಲೆ ವಾಸಿಯಾಗಿದೆ. ಅರ್ಜಿಯಲ್ಲಿ ಬರೆಯಬೇಡಿ, ಐದು ವರ್ಷ ಕಳೆದರೆ ಕಂಪನಿ ಕೇಳುವಂತಿಲ್ಲ ಎನ್ನುತ್ತಾರೆ ಏಜೆಂಟರು.

ಉತ್ತರ: ಇಬ್ಬರೂ ನಿಮ್ಮನ್ನು ಹಾಳು ಮಾಡುತ್ತಿದ್ದಾರೆ. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವ ಪುಡಿ ಯಾವುದೂ ಇಲ್ಲ. ಅದನ್ನು ನಂಬಿ ಮಾತ್ರೆ ಬಿಟ್ಟವರ ಕಾಲಿನ ಹುಣ್ಣುಗಳನ್ನು ನಾನು ನೋಡಿದ್ದೇನೆ. ಅರವತ್ತು ತಿಂಗಳ ನಂತರ ಪ್ರಶ್ನಿಸುವಂತಿಲ್ಲ ಎಂಬ ನಿಯಮವು ಸಾಬೀತಾದ ವಂಚನೆಗೆ ಅನ್ವಯಿಸುವುದಿಲ್ಲ. ಇಂದೇ ರಕ್ತ ಪರೀಕ್ಷೆ ಮಾಡಿಸಿ, ಅರ್ಜಿಯಲ್ಲಿ ನಿಜ ಬರೆಯಿರಿ.

ಪ್ರಶ್ನೆ: ಕ್ಯಾಶ್‌ಲೆಸ್ ಎಂದರೂ ಬಿಡುಗಡೆಯ ದಿನ ರಾತ್ರಿಯವರೆಗೆ ಕೂರಿಸುತ್ತಾರೆ. ಆ ಹೆಚ್ಚುವರಿ ಬಾಡಿಗೆಯನ್ನು ನಾವೇ ಕೊಡಬೇಕೇ?

ಉತ್ತರ: ಬೇಡ. ಆಸ್ಪತ್ರೆ ಅಂತಿಮ ಬಿಲ್ಲು ಕಳುಹಿಸಿದ ಮೂರು ಗಂಟೆಯೊಳಗೆ ಕಂಪನಿ ಒಪ್ಪಿಗೆ ಕೊಡಬೇಕು. ತಡಮಾಡಿದರೆ ಆಸ್ಪತ್ರೆ ವಿಧಿಸುವ ಹೆಚ್ಚುವರಿ ಮೊತ್ತವನ್ನು ಕಂಪನಿಯೇ ಭರಿಸಬೇಕೆಂದು 2024ರ ನಿಯಮ ಹೇಳುತ್ತದೆ. ಬಿಲ್ಲು ಕಳುಹಿಸಿದ ವೇಳೆಯನ್ನು ಆಸ್ಪತ್ರೆಯ ವಿಮಾ ಕೌಂಟರಿನವರಿಂದ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಿ.